ಕಾರಿನ ಕೆಳಗೆ ನುಸುಳದೆ ಇಂಜಿನ್ ಆಯಿಲ್ ಬದಲಿಸುವುದು ಹೇಗೆ?

"ಚೇಂಬರ್ ನಟ್ ಬಿಚ್ಚದೆ, ಮೇಲಿಂದಲೇ ಪಂಪ್ ಹಾಕಿ ಆಯಿಲ್ ತೆಗೀಬಹುದಂತೆ, ಹೌದೇನ್ರಿ?" ಕಲಬುರಗಿ, ಬೀದರ್ ಕಡೆಯ ಓದುಗರು ಈ ಪ್ರಶ್ನೆಯನ್ನು ಬಿಡದೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಹೌದು, ತೆಗೆಯಬಹುದು. ಆದರೆ ಎಲ್ಲ ಕಾರಿಗೂ ಇದು ಒಗ್ಗುವುದಿಲ್ಲ. ಒಗ್ಗುವ ಕಾರಿನಲ್ಲೂ ಪ್ರತಿ ಸಲ ಇದನ್ನೇ ನೆಚ್ಚಿಕೊಳ್ಳಬಾರದು.

ಕೆಲಸದ ಮರ್ಮ ಸರಳ. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಒಂದು ತೊಟ್ಟಿ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಚೇಂಬರ್ ಅನ್ನುತ್ತಾರೆ. ಹಳೆಯ ಆಯಿಲ್ ಇಳಿಸಲು ಅದರ ತಳದಲ್ಲಿ ಇರುವುದೇ ಚೇಂಬರ್ ನಟ್. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಒಂದು ಸಣ್ಣ ಪೈಪಿನೊಳಗಿಂದ ಆ ಚೇಂಬರಿನವರೆಗೆ ಇಳಿದಿರುತ್ತದೆ. ಕಡ್ಡಿ ತೆಗೆದು ಅದೇ ದಾರಿಯಲ್ಲಿ ತೆಳ್ಳನೆಯ ನಳಿಕೆ ಇಳಿಸಿ ಆಯಿಲ್ ಹೀರುವುದು, ಇಷ್ಟೇ. ಎಳನೀರಿಗೆ ಸ್ಟ್ರಾ ಹಾಕಿದ ಹಾಗೆ. ಎಳನೀರಿನಲ್ಲಿ ಕೊನೆಗೆ ಗೊರಗೊರ ಸದ್ದು ಬಂದ ಮೇಲೂ ತಳದಲ್ಲಿ ತುಸು ಉಳಿದೇ ಇರುತ್ತದೆ ಅಲ್ವಾ? ಇಲ್ಲೂ ಉಳಿಯುತ್ತದೆ. ಹೀಗೆ ಮಾಡಲು ಹೋಗಿ ಜನ ಇಂಜಿನ್ ಕೆಡಿಸಿಕೊಳ್ಳುವುದು ಆ ಉಳಿದದ್ದರ ಲೆಕ್ಕ ಇಡದೆ.

ನಿಮ್ಮ ಕಾರಿಗೆ ಇದು ಒಗ್ಗುತ್ತದೆಯೇ?

ಪಂಪ್ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕೈ ಹಚ್ಚಬೇಡಿ. ನಾಳೆ ಇಂಜಿನ್ನಿಗೆ ಏನಾದರೂ ಆದರೆ ಮನೆಯಲ್ಲಿ ಆಯಿಲ್ ಬದಲಿಸಿದ್ದೇ ನೆಪವಾಗುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಆ ಜಗಳ ಯಾಕೆ?

ಆಮೇಲೆ ಫಿಲ್ಟರ್ ಎಲ್ಲಿದೆ ಹುಡುಕಿ. ಕೆಲವು ಕಾರುಗಳಲ್ಲಿ, ಅದರಲ್ಲೂ ಹಲವು ಡೀಸೆಲ್ ಕಾರುಗಳಲ್ಲಿ, ಬಾನೆಟ್ ತೆಗೆದರೆ ಮೇಲೆಯೇ ಕಾಣುವ ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಫಿಲ್ಟರ್ ಕೂತಿರುತ್ತದೆ. ಅಂಥ ಕಾರಿಗೆ ಪಂಪ್ ಹೇಳಿ ಮಾಡಿಸಿದ್ದು. ಆದರೆ ನಮ್ಮಲ್ಲಿ ಜಾಸ್ತಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಸಾಮಾನ್ಯವಾಗಿ ಇಂಜಿನ್ನಿನ ಕೆಳಭಾಗಕ್ಕೆ ಇರುತ್ತದೆ. ತಗಡಿನ ಡಬ್ಬಿಯ ಹಾಗೆ, ತಿರುಗಿಸಿ ಕೂಡಿಸುವಂಥದ್ದು. ಮೇಲಿಂದ ಕೈ ಎಟುಕದಿದ್ದರೆ ಹೇಗಿದ್ದರೂ ಕೆಳಗೆ ಹೋಗಲೇಬೇಕು. ಕೆಳಗೆ ಹೋದ ಮೇಲೆ ಚೇಂಬರ್ ನಟ್ಟನ್ನೇ ಬಿಚ್ಚಬಹುದಲ್ಲ, ಪಂಪಿಗೆ ದುಡ್ಡು ಹಾಕುವುದೇಕೆ? "ಆಯಿಲ್ ಅಷ್ಟೇ ಬದಲಿಸ್ತೀನಿ, ಫಿಲ್ಟರ್ ಮುಂದಿನ ಸಲ" ಅನ್ನುವವರೂ ಇದ್ದಾರೆ. ಅದು ಸ್ನಾನ ಮಾಡಿ ಬೆವರಿನ ಅಂಗಿಯನ್ನೇ ಮತ್ತೆ ಹಾಕಿಕೊಂಡ ಹಾಗೆ.

ಕಡ್ಡಿಯ ಪೈಪೂ ಸರಿಯಿರಬೇಕು. ಕೆಲವು ಇಂಜಿನ್ನುಗಳಲ್ಲಿ ಅದು ತೀರಾ ಸಣ್ಣದು ಅಥವಾ ಜಾಸ್ತಿ ಬಾಗಿರುತ್ತದೆ. ಇನ್ನು ಕೆಲವದರಲ್ಲಿ ಚೇಂಬರಿನ ಆಳದ ಭಾಗ ಒಂದು ಕಡೆ, ಕಡ್ಡಿ ಇಳಿಯುವ ಜಾಗ ಇನ್ನೊಂದು ಕಡೆ. ಅಲ್ಲಿ ಪಂಪ್ ಎಷ್ಟು ಒದ್ದಾಡಿದರೂ ಅರ್ಧ ಲೀಟರಿಗಿಂತ ಜಾಸ್ತಿ ಉಳಿಯಬಹುದು. ಇದು ಗೊತ್ತಾಗುವುದು ಮೊದಲ ಸಲ ಅಳೆದಾಗ. ಹಾಗಾಗಿ ಆಗುವುದಾದರೆ ಮೊದಲ ಸಲಕ್ಕೆ ಗೆಳೆಯರ ಪಂಪ್ ಕೇಳಿ ತನ್ನಿ.

ಏನೇನು ಬೇಕು?

ಪಂಪಿನಲ್ಲಿ ಎರಡು ಥರ. ಒಂದು ಕೈಪಂಪ್: ಐದಾರು ಲೀಟರಿನ ಡಬ್ಬಿ, ಮೇಲೆ ಹಿಡಿಕೆ. ಹತ್ತಿಪ್ಪತ್ತು ಸಲ ಎಳೆದು ಒತ್ತಿದರೆ ಡಬ್ಬಿಯೊಳಗಿನ ಗಾಳಿ ಹೊರಹೋಗಿ, ಆಯಿಲ್ ತಾನಾಗಿ ಒಳಗೆ ಬರುತ್ತದೆ. ಇನ್ನೊಂದು 12 ವೋಲ್ಟಿನ ಮೋಟಾರ್ ಪಂಪ್, ಕಾರಿನ ಬ್ಯಾಟರಿಗೆ ಕ್ಲಿಪ್ ಹಾಕಿ ಓಡಿಸುವಂಥದ್ದು. ನನ್ನ ಓಟು ಕೈಪಂಪಿಗೆ. ಸುಡಲು ಮೋಟಾರಿಲ್ಲ, ಮೇಲಾಗಿ ಬಂದ ಆಯಿಲ್ ಅದೇ ಡಬ್ಬಿಯಲ್ಲಿ ನಿಲ್ಲುವುದರಿಂದ ಅಳತೆ ಸುಲಭ. ಮೋಟಾರಿನದನ್ನೇ ತಂದಿದ್ದರೆ ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಅದಲುಬದಲಾದರೆ ಕೆಲವು ಪಂಪುಗಳು ಉಲ್ಟಾ ತಿರುಗಿ ಚೇಂಬರಿಗೇ ಗಾಳಿ ಊದುತ್ತವೆ. ಆಯಿಲ್ ಬರುವುದು ನಿಂತ ಮೇಲೆ ಬರಿದೆ ಓಡಿಸಬೇಡಿ. ಇನ್ನೊಂದು ಮಾತು: ಈ ಪಂಪಿನಿಂದ ಯಾವತ್ತೂ ಪೆಟ್ರೋಲ್ ಎಳೆಯಬೇಡಿ. ಒಂದು ಕಿಡಿ ಸಾಕು.

ಉಳಿದದ್ದು: ಹೊಸ ಆಯಿಲ್, ಹೊಸ ಫಿಲ್ಟರ್, ಫಿಲ್ಟರ್ ಬಿಚ್ಚುವ ಪಾನಾ, ಲಾಳಿಕೆ, ಕೈಗವಸು, ಚಿಂದಿ ಅರಿವೆ, ರದ್ದಿ ಪೇಪರ್, ಒಂದು ಟಾರ್ಚ್. ಜೊತೆಗೆ ಅಡುಗೆಮನೆಯ ತಕ್ಕಡಿ. ಮನೆಯವರ ಒಪ್ಪಿಗೆ ಪಡೆದು!

ಆಯಿಲ್ ಆರಿಸುವಾಗ ಅಂಗಡಿಯವರನ್ನು ಕೇಳುವುದಕ್ಕಿಂತ ಕಾರಿನ ಜೊತೆ ಬಂದ ಪುಸ್ತಕ ತೆರೆಯಿರಿ. ಅದರಲ್ಲಿ 0ಡಬ್ಲ್ಯು-20, 5ಡಬ್ಲ್ಯು-30 ಅಂತ ಬರೆದಿರುತ್ತದೆ. ಡಬ್ಲ್ಯು ಜೊತೆಗಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಸಣ್ಣದಾದಷ್ಟೂ ಚಳಿಯಲ್ಲಿ ಸಲೀಸು. ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ.

ಇಲ್ಲಿ ನಮ್ಮ ಕಡೆಯ ಒಂದು ನಂಬಿಕೆಯ ಬಗ್ಗೆ ಹೇಳಲೇಬೇಕು. "ಕಲಬುರಗಿ ಬಿಸಿಲಿಗೆ ತೆಳ್ಳನೆ ಆಯಿಲ್ ನಿಲ್ಲಂಗಿಲ್ರಿ, ದಪ್ಪಂದೇ ಹಾಕ್ರಿ" ಅಂತ ಎಷ್ಟೋ ಗ್ಯಾರೇಜಿನಲ್ಲಿ ಹೇಳುತ್ತಾರೆ. ಹಳೆಯ ಜೀಪು, ಅಂಬಾಸಿಡರ್ ಕಾಲಕ್ಕೆ ಅದು ಸರಿಯಿತ್ತು. ಈಗಿನ ಇಂಜಿನ್ನಿನಲ್ಲಿ ಬಿಸಿಯನ್ನು ಹತೋಟಿಯಲ್ಲಿಡಲು ಥರ್ಮೋಸ್ಟಾಟ್, ಫ್ಯಾನ್ ಇವೆ. ಹೊರಗೆ 25 ಡಿಗ್ರಿ ಇರಲಿ, ಮೇ ತಿಂಗಳ 43 ಇರಲಿ, ಓಡುವ ಇಂಜಿನ್ನಿನೊಳಗಿನ ಬಿಸಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ. ತೆಳ್ಳನೆ ಆಯಿಲಿಗೆಂದೇ ಮಾಡಿದ ಸಣ್ಣ ಸಂದುಗಳಿಗೆ 20ಡಬ್ಲ್ಯು-50 ಸುರಿದರೆ, ಮುಂಜಾನೆ ಚಾಲೂ ಮಾಡಿದಾಗ ಮೇಲಿನ ಭಾಗಗಳಿಗೆ ಅದು ತಡವಾಗಿ ಮುಟ್ಟುತ್ತದೆ. ನಿಮ್ಮ ಪುಸ್ತಕದಲ್ಲಿ ಎರಡು ಮೂರು ದರ್ಜೆ ಕೊಟ್ಟಿದ್ದರೆ ಅವುಗಳಲ್ಲಿ ತುಸು ದಪ್ಪದ್ದನ್ನು ಆರಿಸಿಕೊಳ್ಳಿ. ಪುಸ್ತಕದಿಂದ ಆಚೆ ಹೋಗಬೇಡಿ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರಾದರೆ, ಅಂದರೆ ಹೊಗೆ ಮಿತಿಯ ಆ ನಿಯಮಕ್ಕೆ ತಕ್ಕಂತೆ ಮಾಡಿದ್ದಾದರೆ, ಇನ್ನೂ ಹುಷಾರು. ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ, ಅದರ ಹೆಸರು ಡಿಪಿಎಫ್. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಅಗ್ಗದ ಮಾಮೂಲಿ ಡೀಸೆಲ್ ಆಯಿಲ್ ಹಾಕುತ್ತಾ ಹೋದರೆ ಜಾಲರಿ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಈಗ ಕೆಲಸಕ್ಕೆ ಇಳಿಯೋಣ

1. ಹೊತ್ತು ನೋಡಿಕೊಳ್ಳಿ. ಆಯಿಲ್ ಬೆಚ್ಚಗಿದ್ದರೆ ನೀರಿನ ಹಾಗೆ ಬರುತ್ತದೆ. ತಣ್ಣಗಿದ್ದರೆ ಜೇನುತುಪ್ಪದ ಹಾಗೆ ಎಳೆಯುತ್ತದೆ. ಹಾಗಂತ ಕುದಿಯುವ ಆಯಿಲ್ ಬೇಡ, ನಳಿಕೆ ಮೆತ್ತಗಾಗುತ್ತದೆ, ಕೈ ಸುಡುತ್ತದೆ. 50ರಿಂದ 60 ಡಿಗ್ರಿ ಸಾಕು. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಐದು ನಿಮಿಷ ಇಂಜಿನ್ ಓಡಿಸಿದರೆ ಆಯಿತು. ಬೀದರ್‌ನ ಡಿಸೆಂಬರ್ ಚಳಿಯಲ್ಲಿ ಹತ್ತು ನಿಮಿಷ ಓಡಿಸಿ, ಇಲ್ಲವೇ ಒಂದು ಸುತ್ತು ಹೋಗಿ ಬನ್ನಿ. ಆಮೇಲೆ ಇಂಜಿನ್ ಬಂದ್ ಮಾಡಿ ಹತ್ತು ಹದಿನೈದು ನಿಮಿಷ ಬಿಡಿ. ಮೇಲಿನ ಆಯಿಲ್ ಅಷ್ಟರಲ್ಲಿ ಚೇಂಬರಿಗೆ ಇಳಿಯುತ್ತದೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಸುಮ್ನೆ ಸಾಹಸ ಬೇಡ. ಪಾನಾ ಕೂಡ ಮುಟ್ಟಲಾಗದಷ್ಟು ಕಾದಿರುತ್ತದೆ. ಸಂಜೆಗೆ ಧೂಳಿನ ಗಾಳಿ ಏಳುತ್ತದೆ. ಮುಂಜಾನೆ ಏಳರೊಳಗೆ ಶುರು ಮಾಡಿ.

2. ಸಮನೆಲದ ಮೇಲೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ. ಅಂಗಳಕ್ಕೆ ಶಹಾಬಾದ್ ಪರಸಿ ಹಾಕಿಸಿದ್ದರೆ, ನಮ್ಮಲ್ಲಿ ಹಾಕಿಸದವರು ಯಾರು, ಮೊದಲು ದಪ್ಪ ಪ್ಲಾಸ್ಟಿಕ್, ಅದರ ಮೇಲೆ ರದ್ದಿ ಪೇಪರ್ ಹಾಸಿ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ಕಿನ ಸುತ್ತ, ಆಯಿಲ್ ಹಾಕುವ ಮುಚ್ಚಳದ ಸುತ್ತ ಒರೆಸಿ. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಹಾದಿ ಹಿಡಿದು ಬಂದ ಕಾರಿನ ಬಾನೆಟ್ ಒಳಗೆ ಒಂದು ಹಿಡಿ ಮಣ್ಣು ಸಿಗುತ್ತದೆ. ಅದು ಇಂಜಿನ್ನಿನೊಳಗೆ ಬೀಳಬಾರದು.

3. ಈಗಿನ ಮಟ್ಟ ಬರೆದಿಟ್ಟುಕೊಳ್ಳಿ. ಕಡ್ಡಿ ತೆಗೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ, ತೆಗೆದು ನೋಡಿ. ಮೇಲಿನ ಗುರುತಿನಲ್ಲಿದೆಯೋ, ನಡುವೆಯೋ, ಕೆಳಗೋ? ಇದನ್ನು ಬಿಟ್ಟರೆ ಮುಂದಿನ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಎಚ್ಚರಿಕೆ: ಹಳೆಯ ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್ ಬಾಕ್ಸಿಗೂ ಇಂಥದ್ದೇ ಒಂದು ಕಡ್ಡಿ ಇರುತ್ತದೆ. ಇಂಜಿನ್ ಆಯಿಲ್ ಅಂದುಕೊಂಡು ಗೇರ್ ಆಯಿಲ್ ಹೀರಿ ಹಾಕಿದವರಿದ್ದಾರೆ. ಪುಸ್ತಕದ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ.

4. ನಳಿಕೆ ಇಳಿಸಿ. ಮೊದಲು ಡಿಪ್‌ಸ್ಟಿಕ್ಕಿನ ಪಕ್ಕ ನಳಿಕೆ ಹಿಡಿದು ಅದರ ಉದ್ದಕ್ಕೆ ಒಂದು ತುಂಡು ಟೇಪ್ ಅಂಟಿಸಿ. ಇಳಿಸುವಾಗ ಆ ಗುರುತು ದಾಟಿ ಇನ್ನು ಕೆಲವು ಸೆಂಟಿಮೀಟರ್ ಹೋಗಿ, ತಳ ತಾಗಿದ್ದು ಕೈಗೆ ಗೊತ್ತಾಗಬೇಕು. ತಾಗಿದ ಮೇಲೆ ಕೂದಲೆಳೆಯಷ್ಟು ಮೇಲಕ್ಕೆ ಎಳೆಯಿರಿ. ಜಾಸ್ತಿ ತುರುಕಿದರೆ ನಳಿಕೆ ಚೇಂಬರಿನೊಳಗೆ ಸುರುಳಿಯಾಗಿ, ತುದಿ ಆಯಿಲಿನ ಮೇಲೆ ನಿಂತುಬಿಡುತ್ತದೆ. ನೀವು ಎಷ್ಟು ಪಂಪ್ ಹೊಡೆದರೂ ಗಾಳಿಯೇ ಬರುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿದ್ದರೆ ಒಳ್ಳೆಯದು, ತಳಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಕೊಳ್ಳುವುದಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಬಲ ಹಾಕಬೇಡಿ, ತುಸು ತಿರುಗಿಸುತ್ತಾ ಇಳಿಸಿ. ನಳಿಕೆಯ ತುಂಡು ಒಳಗೆ ಮುರಿದು ಬಿದ್ದರೆ ಚೇಂಬರೇ ಬಿಚ್ಚಬೇಕಾದೀತು.

5. ಹೀರಿ, ಕಾಯಿರಿ, ಮತ್ತೆ ಹೀರಿ. ಮೇಲಿನ ಆಯಿಲ್ ಮುಚ್ಚಳ ತುಸು ಸಡಿಲಿಸಿ. ಹಿಡಿಕೆ ಎಳೆದು ಒತ್ತಿ, ಆಯಿಲ್ ಬರಲು ಶುರುವಾದ ಮೇಲೆ ಬಿಟ್ಟುಬಿಡಿ. ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಗೊರಗೊರ ಸದ್ದು ಬಂದ ಕೂಡಲೇ ಮುಗಿಯಿತು ಅಂತ ಏಳಬೇಡಿ. ನಳಿಕೆಯನ್ನು ಒಂದು ಬೆರಳಿನಷ್ಟು ಮೇಲೆ ಕೆಳಗೆ ಮಾಡಿ, ತಿರುಗಿಸಿ, ಇನ್ನೊಂದು ಮೂಲೆ ಹುಡುಕಿ. ಆಮೇಲೆ ಹತ್ತು ನಿಮಿಷ ಬಿಟ್ಟು ಒಂದು ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಗೋಡೆಗಳಿಗೆ ಅಂಟಿದ್ದು ಇಳಿದಿರುತ್ತದೆ. ಎರಡನೆಯ ಸುತ್ತಿನಲ್ಲಿ ಇನ್ನೂ ತುಸು ಬರುತ್ತದೆ.

6. ಅಳೆಯಿರಿ. ಇಡೀ ಕೆಲಸದಲ್ಲಿ ನಾನು ಬಿಡಲೇಬೇಡಿ ಅನ್ನುವ ಹಂತ ಇದು. ಪಂಪಿನ ಡಬ್ಬಿ ಮೇಲಿನ ಗೆರೆಗಳು ಅಂದಾಜಿಗಷ್ಟೇ. ತೂಕ ಸುಳ್ಳು ಹೇಳುವುದಿಲ್ಲ. ಖಾಲಿ ಡಬ್ಬಿಯ ತೂಕ ಮೊದಲೇ ಬರೆದಿಟ್ಟುಕೊಂಡು, ಈಗಿನ ತೂಕದಿಂದ ಕಳೆಯಿರಿ. ಇಂಜಿನ್ ಆಯಿಲ್ ನೀರಿಗಿಂತ ಹಗುರ. ಒಂದು ಲೀಟರಿಗೆ ಸುಮಾರು 850 ಗ್ರಾಂ ತೂಗುತ್ತದೆ. ಅಂದರೆ 2 ಕಿಲೋ 550 ಗ್ರಾಂ ಬಂದರೆ 3 ಲೀಟರ್.

ಈಗ ಪುಸ್ತಕದ ಅಂಕಿಗೆ ಹೋಲಿಸಿ. ಪುಸ್ತಕದಲ್ಲಿ ಸಾಮಾನ್ಯವಾಗಿ ಎರಡು ಅಳತೆ ಇರುತ್ತವೆ: ಫಿಲ್ಟರ್ ಸೇರಿ, ಫಿಲ್ಟರ್ ಬಿಟ್ಟು. ಸಣ್ಣ ಪೆಟ್ರೋಲ್ ಕಾರುಗಳಿಗೆ 3ರಿಂದ 3.5 ಲೀಟರಿನ ಆಸುಪಾಸು. ಫಿಲ್ಟರಿನಲ್ಲೇ 200ರಿಂದ 300 ಮಿಲಿಲೀಟರ್ ಇರುತ್ತದೆ. ಶುರುವಿನಲ್ಲಿ ಮಟ್ಟ ಮೇಲಿನ ಗುರುತಿನಲ್ಲೇ ಇತ್ತು, ಆದರೆ ಬಂದದ್ದು ಫಿಲ್ಟರ್ ಬಿಟ್ಟ ಅಳತೆಗಿಂತ ಅರ್ಧ ಲೀಟರಿಗೂ ಜಾಸ್ತಿ ಕಡಿಮೆ ಅಂತಾದರೆ, ಅಷ್ಟು ಹಳೆಯ ಆಯಿಲ್ ಒಳಗೇ ಇದೆ ಅಂತ ಅರ್ಥ. ಒಂದೋ ನಳಿಕೆ ಸರಿಯಾಗಿ ಕೂತಿಲ್ಲ, ಇಲ್ಲವೇ ನಿಮ್ಮ ಕಾರಿಗೆ ಈ ವಿಧಾನ ಒಗ್ಗುವುದಿಲ್ಲ.

ನಾನು ಮೊದಲ ಸಲ ಅಳೆಯದೆ, ಪುಸ್ತಕದಲ್ಲಿದ್ದಷ್ಟನ್ನೂ ಸುರಿದಿದ್ದೆ. ಕಡ್ಡಿಯಲ್ಲಿ ಮಟ್ಟ ಮೇಲಿನ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಅದೇ ಪಂಪಿನಿಂದ ಹೊಸ ಆಯಿಲನ್ನು ಮತ್ತೆ ಹೀರಿ ತೆಗೆಯಬೇಕಾಯಿತು. ಆಯಿಲ್ ಜಾಸ್ತಿಯಾದರೆ ಇಂಜಿನ್ನಿನೊಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಅದಕ್ಕೆ ಬಡಿದು ಮಜ್ಜಿಗೆ ಕಡೆದಂತೆ ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅದು ಬೇರಿಂಗುಗಳನ್ನು ಕಾಯುವುದಿಲ್ಲ. ಆಯಿಲ್ ಕಡಿಮೆಯಾದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಅಪಾಯವೇ.

7. ಫಿಲ್ಟರ್ ಬದಲಿಸಿ. ಕಾಗದದ ಫಿಲ್ಟರಾದರೆ ಮುಚ್ಚಳ ನಿಧಾನ ಬಿಚ್ಚಿ, ಅದರ ರಬ್ಬರ್ ರಿಂಗನ್ನೂ ಹೊಸದು ಹಾಕಿ. ಮುಚ್ಚಳದ ಮೇಲೆಯೇ ಎಷ್ಟು ಬಿಗಿ ಮಾಡಬೇಕು ಅಂತ ಬರೆದಿರುವುದುಂಟು. ಪ್ಲಾಸ್ಟಿಕ್ ಅದು, ಜಾಸ್ತಿ ಬಿಗಿದರೆ ಸೀಳುತ್ತದೆ.

ಡಬ್ಬಿ ಥರದ ಫಿಲ್ಟರಾದರೆ ಬಿಚ್ಚುವ ಮೊದಲು ಅದಕ್ಕೊಂದು ಪ್ಲಾಸ್ಟಿಕ್ ಚೀಲ ತೊಡಿಸಿ. ಸೋರಿದ್ದು ಚೀಲದಲ್ಲೇ ಬೀಳುತ್ತದೆ. ಬಿಚ್ಚಿದ ಮೇಲೆ ಹಳೆಯ ರಬ್ಬರ್ ರಿಂಗ್ ಡಬ್ಬಿಯ ಜೊತೆ ಬಂತೋ, ಇಂಜಿನ್ನಿಗೇ ಅಂಟಿದೆಯೋ ಟಾರ್ಚ್ ಹಾಕಿ ನೋಡಿ. ಅಂಟಿದ ರಿಂಗಿನ ಮೇಲೆ ಹೊಸ ಫಿಲ್ಟರ್ ಕೂಡಿಸಿದರೆ ಎರಡು ರಿಂಗ್ ಆಗಿ, ಇಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಆಯಿಲ್ ಚಿಮ್ಮಿ ಹೊರಬರುತ್ತದೆ. ಹೊಸ ರಿಂಗಿಗೆ ಒಂದು ಹನಿ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಅಳತೆ ಇದ್ದರೆ ಅದರಂತೆ. ಪಾನಾ ಬಿಚ್ಚಲು ಮಾತ್ರ, ಬಿಗಿಯಲು ಅಲ್ಲ.

ಕೆಳಗೆ ಹೋಗಲೇಬೇಕಾದರೆ ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಪರಸಿ ಚೂರುಗಳ ಮೇಲೆ ನಿಲ್ಲಿಸುವುದೂ ಬೇಡ. ಅವು ಹೇಳದೆ ಕೇಳದೆ ಒಡೆಯುತ್ತವೆ. ಸರಿಯಾದ ಸ್ಟ್ಯಾಂಡ್ ಇಲ್ಲದಿದ್ದರೆ ಫಿಲ್ಟರಿನ ಕೆಲಸ ಗ್ಯಾರೇಜಿಗೆ ಬಿಡಿ.

8. ಹೊಸ ಆಯಿಲ್ ಹಾಕಿ. ಬಂದಷ್ಟೇ ಹಾಕಬೇಕು. ಶುರುವಿನ ಮಟ್ಟ ಕಡಿಮೆ ಇದ್ದರೆ ಆ ಕೊರತೆಯನ್ನಷ್ಟೇ ಸೇರಿಸಿ. ಮೊದಲು ಲೆಕ್ಕದ ಮುಕ್ಕಾಲು ಪಾಲು ಹಾಕಿ, ಐದು ನಿಮಿಷ ಬಿಟ್ಟು ಕಡ್ಡಿ ನೋಡಿ. ಆಮೇಲೆ ಒಂದೊಂದು ಸಣ್ಣ ಲೋಟದಷ್ಟು. ಲಾಳಿಕೆ ಸ್ವಚ್ಛವಾಗಿರಲಿ, ಸೀಮೆಎಣ್ಣೆಗೆ ಬಳಸಿದ್ದು ಬೇಡ. ಮುಚ್ಚಳ ಹಾಕಿ, ಡಿಪ್‌ಸ್ಟಿಕ್ ವಾಪಸ್ ಇಡಿ. ಮರೆಯುವವರು ಬಹಳ.

9. ಗೇರಿನಿಂದ ತೆಗೆದು ಚಾಲೂ ಮಾಡಿ. ಎಕ್ಸಿಲರೇಟರ್ ಒತ್ತಬೇಡಿ. ಮೀಟರಿನಲ್ಲಿ ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತು ಎಣಿಸುವಷ್ಟರಲ್ಲಿ ಆರದಿದ್ದರೆ ಕೂಡಲೇ ಬಂದ್ ಮಾಡಿ ಫಿಲ್ಟರ್, ಮಟ್ಟ ಎರಡೂ ನೋಡಿ. ಆರಿದರೆ ಎರಡು ಮೂರು ನಿಮಿಷ ಓಡಿಸಿ, ಫಿಲ್ಟರ್ ಸುತ್ತ ಸೋರಿಕೆ ಇದೆಯೇ ಟಾರ್ಚ್ ಹಿಡಿದು ನೋಡಿ. ಬಂದ್ ಮಾಡಿ ಹತ್ತು ನಿಮಿಷದ ಮೇಲೆ ಮಟ್ಟ ನೋಡಿದರೆ ತುಸು ಇಳಿದಿರುತ್ತದೆ. ಹೊಸ ಫಿಲ್ಟರ್ ತನ್ನ ಪಾಲು ಕುಡಿದಿದೆ, ಅಷ್ಟೇ. ಮೇಲಿನ ಗುರುತಿಗೆ ಒಂದು ಕೂದಲು ಕೆಳಗೆ ನಿಲ್ಲಿಸಿದರೆ ಸಾಕು. ಕಿಲೋಮೀಟರ್, ತಾರೀಕು, ಎಷ್ಟು ತೆಗೆದಿರಿ, ಎಷ್ಟು ಹಾಕಿದಿರಿ, ನಾಲ್ಕನ್ನೂ ಡೈರಿಯಲ್ಲಿ ಬರೆಯಿರಿ.

ಡೀಸೆಲ್ ಕಾರಿನಲ್ಲಿ ವಾರದೊಳಗೆ ಆಯಿಲ್ ಕಪ್ಪಾದರೆ ಗಾಬರಿ ಬೇಡ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಆದರೆ ಬಿಎಸ್6 ಡೀಸೆಲ್‌ನಲ್ಲಿ ಮಟ್ಟ ತಾನಾಗಿ ಏರುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಡಿಪಿಎಫ್ ತನ್ನ ಮಸಿ ಸುಡುವಾಗ ಡೀಸೆಲ್ ಆಯಿಲಿಗೆ ಸೇರುವುದುಂಟು. ಊರೊಳಗೇ ಸಣ್ಣ ಸಣ್ಣ ಓಡಾಟ ಮಾಡುವ ಕಾರುಗಳಲ್ಲಿ ಇದು ಜಾಸ್ತಿ.

ಎಷ್ಟು ದಿನಕ್ಕೊಮ್ಮೆ? ಪ್ರತಿ ಸಲ ಪಂಪೇ?

ಬಹಳ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆದರೆ ಪುಸ್ತಕದ ಕೊನೆಗೆ ಕಠಿಣ ಬಳಕೆ ಅಂತ ಒಂದು ಪಟ್ಟಿ ಇರುತ್ತದೆ, ಯಾರೂ ಓದುವುದಿಲ್ಲ. ಧೂಳಿನ ರಸ್ತೆ, ಸಣ್ಣ ಓಡಾಟ, ಸುಡುಬಿಸಿಲು. ನಮ್ಮ ಜಿಲ್ಲೆಗಳ ವಿಳಾಸವನ್ನೇ ಬರೆದ ಹಾಗಿದೆ. ಹಳ್ಳಿಯ ಹಾದಿಯಲ್ಲೇ ಜಾಸ್ತಿ ಓಡಿಸುವವರು ಅದರಲ್ಲಿ ಹೇಳಿದ ಕಡಿಮೆ ಅವಧಿಯನ್ನೇ ಹಿಡಿಯಿರಿ.

ಪಂಪ್ ಆಯಿಲ್ ಹೀರುತ್ತದೆ, ತಳದಲ್ಲಿ ಕೂತ ಕೆಸರು, ಲೋಹದ ಕಣ ಹೀರುವುದಿಲ್ಲ. ಹಾಗಾಗಿ ಎರಡು ಸಲ ಪಂಪ್, ಮೂರನೆಯ ಸಲ ಗ್ಯಾರೇಜಿಗೆ ಹೋಗಿ ಚೇಂಬರ್ ನಟ್ ಬಿಚ್ಚಿಸುವುದು ನನ್ನ ಪದ್ಧತಿ. ನಟ್ಟಿನ ವಾಷರ್ ಹೊಸದು ಹಾಕಿಸಿ. ಇಳಿದ ಆಯಿಲಿನಲ್ಲಿ ಮಿಣಮಿಣ ಹೊಳೆಯುವ ಚೂರು ಕಂಡರೆ ಅಲ್ಲೇ ಮೆಕ್ಯಾನಿಕ್‌ಗೆ ತೋರಿಸಬಹುದು.

ಹಳೆಯ ಆಯಿಲ್ ಏನು ಮಾಡುವುದು?

ಗಟಾರಕ್ಕೆ ಬೇಡ, ಹೊಲದ ಬದುವಿಗೂ ಬೇಡ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವವರೇ ಅದರ ಮರುಬಳಕೆಯ ಹೊಣೆ ಹೊರಬೇಕು ಅಂತ ನಿಯಮ ಬಂದಿದೆ. ನಿಮ್ಮ ಪಾಲಿನ ಕೆಲಸ ಅದನ್ನು ಸರಿಯಾದ ಕೈಗೆ ಮುಟ್ಟಿಸುವುದು. ಹೊಸ ಆಯಿಲಿನ ಖಾಲಿ ಕ್ಯಾನಿಗೆ ಹಳೆಯದನ್ನು ತುಂಬಿ, ಲೇಬಲ್ ಹರಿದು, ಹಳೆ ಆಯಿಲ್ ಅಂತ ಬರೆಯಿರಿ. ಲೇಬಲ್ ಸಮೇತ ಕ್ಯಾನ್ ಕೊಟ್ಟರೆ ಅದು ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬಂದೀತು. ಆಮೇಲೆ ಬಳಸಿದ ಆಯಿಲನ್ನು ಬ್ಯಾರೆಲ್ಲಿನಲ್ಲಿ ಕೂಡಿಟ್ಟು ಮಾರುವ ದೊಡ್ಡ ಸರ್ವಿಸ್ ಸೆಂಟರಿಗೆ ಕೊಟ್ಟುಬಿಡಿ. ಬಹಳ ಕಡೆ ಬೇಡ ಅನ್ನುವುದಿಲ್ಲ, ಅವರಿಗೂ ದುಡ್ಡು ಬರುತ್ತದೆ. ಗೆದ್ದಲಿಗೆ ಅಂತ ಬಾಗಿಲ ಚೌಕಟ್ಟಿಗೆ ಕರಿ ಆಯಿಲ್ ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಅದರಲ್ಲಿರುವ ಕೆಲವು ಅಂಶಗಳು ದಿನವೂ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರ್ ತರಬಲ್ಲವು. ಮಕ್ಕಳು ಮುಟ್ಟುವ ಬಾಗಿಲಿಗಂತೂ ಬೇಡವೇ ಬೇಡ. ಕೈಗವಸು ಹಾಕಿ ಅಂದದ್ದೂ ಇದಕ್ಕೇ.

ಇಷ್ಟೆಲ್ಲ ಮಾಡಿದರೂ ಪರಸಿ ಮೇಲೆ ನಾಲ್ಕು ಹನಿ ಬಿದ್ದೇ ಬೀಳುತ್ತದೆ. ಶಹಾಬಾದ್ ಕಲ್ಲು ಎಣ್ಣೆ ಕುಡಿಯುತ್ತದೆ, ನೀರು ಸುರಿದು ಉಜ್ಜಿದರೆ ಕಲೆ ಹರಡುತ್ತದೆ. ಬಿದ್ದ ಕೂಡಲೇ ಕಟ್ಟಿಗೆ ಹೊಟ್ಟು ಅಥವಾ ತೊಗರಿ ಹೊಟ್ಟು ಸುರಿದು ಒಂದು ರಾತ್ರಿ ಬಿಡಿ. ಮುಂಜಾನೆ ಗುಡಿಸಿ, ಬಟ್ಟೆ ಸೋಪಿನ ಪುಡಿ ಹಾಕಿ ಬ್ರಷ್‌ನಿಂದ ತಿಕ್ಕಿ. ಆ ಹೊಟ್ಟು ಮಾತ್ರ ದನದ ಬಾಯಿಗೆ ಸಿಗದಂತೆ ಕಟ್ಟಿಡಿ. ತಡವಾದರೆ ಕಲೆ ಹೋಗುವುದಿಲ್ಲ. ನಮ್ಮ ಅಂಗಳದಲ್ಲಿ ಅಂಗೈಯಗಲದ್ದೊಂದು ಇನ್ನೂ ಇದೆ, ಅದರ ಮೇಲೆ ಈಗ ತುಳಸಿ ಕುಂಡ ಕೂತಿದೆ.